ರೇಡಿಯೇಟರಿಗೆ ಕುಡಿಸಿದ ಮಜ್ಜಿಗೆ

ಐವತ್ತು ದಾಟಿದ ಮೇಲೆ ಮನುಷ್ಯನ ಹುಚ್ಚುಗಳು ತಾವಾಗಿಯೇ ಬಿಟ್ಟುಹೋಗುತ್ತವೆ ಎನ್ನುತ್ತಾರೆ. ಸುಳ್ಳು. ಹುಚ್ಚು ಎಲ್ಲೂ ಹೋಗುವುದಿಲ್ಲ, ಅದನ್ನು ಹೊರುವ ಶಕ್ತಿ ಹೋಗುತ್ತದೆ. ನನ್ನ ಹುಚ್ಚು ಒಂದು ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ನೆತ್ತಿಯ ಮೇಲೆ ಮಡಚುವ ಬಟ್ಟೆ, ವಯಸ್ಸಿನಲ್ಲಿ ನನಗಿಂತ ಹಿರಿಯದು. ಚಳಿ ದೇಶದವರು ಬಿಸಿಲು ಕಾಯಿಸಿಕೊಳ್ಳಲೆಂದು ಮಾಡಿದ ಗಾಡಿಯನ್ನು ವಿಜಯಪುರದ ಬಿಸಿಲಿಗೆ ತಂದು ನಿಲ್ಲಿಸಿದ ಜಾಣ ನಾನು. ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಎಷ್ಟು ಹಾರ್ನ್ ಹೊಡೆದರೂ ಎಮ್ಮೆಗಳು ದಾರಿ ಬಿಡುವುದಿಲ್ಲ; ಇದು ಇನ್ನೇನು ತಾನೇ ನಿಲ್ಲುತ್ತದೆಂದು ಅವಕ್ಕೂ ಗೊತ್ತು.

ಎಲ್ಲ ರಗಳೆಗೂ ರೇಡಿಯೇಟರೇ ಮೂಲ. ಎಂಜಿನ್ನಿನ ನೀರನ್ನು ತಂಪು ಮಾಡಬೇಕಾದ ಅದು, ಆ ನೀರನ್ನು ರಸ್ತೆಗೆ ಸುರಿಯುತ್ತಿತ್ತು. ಹೋದ ಬೇಸಿಗೆಯಲ್ಲಿ ಗೆಳೆಯನ ಮನೆಯ ಗೃಹಪ್ರವೇಶಕ್ಕೆಂದು ನಾನು, ಹೆಂಡತಿ ಮಹಾದೇವಿ ತಿಕೋಟಾಕ್ಕೆ ಹೊರಟಾಗ, ದಾರಿಯಲ್ಲಿ ಒಂದು ದ್ರಾಕ್ಷಿ ತೋಟದ ಪಕ್ಕ ಗಾಡಿ ಹೊಗೆಯಾಡಿ ನಿಂತಿತು. ತೋಟದ ಮನೆಯಿಂದ ಒಬ್ಬ ಮುದುಕಿ ತಂಬಿಗೆ ಹಿಡಿದು ಬಂದಳು.

"ಕರೆಂಟ್ ಹೋಗೈತಿ ತಮ್ಮಾ, ನೀರಿಲ್ಲ. ಮಜ್ಜಿಗಿ ಐತಿ, ಕುಡೀರಿ."

ಕುಡಿದೆವು. ಆಕೆ ಇನ್ನೊಂದು ತಂಬಿಗೆ ತಂದು ಕಾರಿನತ್ತ ಕೈ ಮಾಡಿದಳು. "ಇದರ ಹೊಟ್ಟ್ಯಾಗೂ ಉರಿ ಎದ್ದೈತಿ. ಒಂದೀಟ ಹಾಕು."

"ಗಾಡಿಗೆ ಮಜ್ಜಿಗಿ ನಡ್ಯೂದಿಲ್ಲ ಆಯಿ."

ಮುದುಕಿಯ ಮುಖ ಬಾಡಿತು. "ಯಾಕ, ಹುಳಿ ಆಗೈತೇನು ನಮ್ಮ ಮಜ್ಜಿಗಿ?"

ನಮ್ಮ ಕಡೆ ತಂಬಿಗೆಯಲ್ಲಿ ಕೊಟ್ಟಿದ್ದನ್ನು ಬೇಡ ಎಂದರೆ ಕೊಟ್ಟವರ ಮನೆಯನ್ನೇ ಬೇಡ ಎಂದಂತೆ. ಗಾಡಿ ಆರಿದ ಮೇಲೆ ಮುಚ್ಚಳ ತೆಗೆದು ಸುರಿದೇಬಿಟ್ಟೆ. ಸುಳ್ಳೇಕೆ ಹೇಳಲಿ, ತಿಕೋಟಾ ಮುಟ್ಟಿದೆವು. ಮುಂದೆ ಎಂಟು ದಿನ ಮನೆಯ ಮುಂದೆ ಹಾಲು ಹೊತ್ತಿಸಿದ ವಾಸನೆ. ಆಮೇಲೆ ಗಾಡಿ ಓಣಿಯ ತುದಿಯನ್ನೂ ದಾಟಲಿಲ್ಲ.

ಮಹಾದೇವಿಯ ತವರು ಬಬಲೇಶ್ವರ. ಕಾರು ಮನೆಗೆ ಬಂದ ಎಂಟು ವರ್ಷಗಳಲ್ಲಿ ಅದರಲ್ಲಿ ಅವಳು ಒಮ್ಮೆಯೂ ತವರಿನವರೆಗೆ ಹೋದವಳಲ್ಲ. ಪ್ರತಿ ಸಲವೂ ಅರ್ಧ ದಾರಿ ಕಾರು, ಇನ್ನರ್ಧ ಪರರ ಜೀಪು. ಈ ಸಲ ಖಡಾಖಂಡಿತ ಹೇಳಿದಳು: "ನೋಡ್ರಿ, ಒಂದ ಸಲ, ಒಂದ ಸಲ ನಡಕ ನಿಲ್ಲದಂಗ ನಮ್ಮಪ್ಪನ ಮನಿ ಮುಟ್ಟಿಸ್ರಿ. ಮುಟ್ಟಿದ್ರ ಗಾಡಿ ಇರ್ಲಿ. ಇಲ್ಲಂದ್ರ ನಮ್ಮಣ್ಣ ಗಿರಾಕಿ ನೋಡ್ಯಾನ, ಕೊಟ್ಟ ಬಿಡೂದು."

ಇಬ್ರಾಹಿಂಪುರದ ರೈಲು ಹಳಿಯ ಹತ್ತಿರ ರಾಜೇಸಾಬ ಮಿಸ್ತ್ರಿ ಇದ್ದಾರೆ. ರೇಡಿಯೇಟರ್ ಬಿಟ್ಟು ಗಾಡಿಯ ಬೇರೆ ಯಾವ ಅಂಗವನ್ನೂ ಮುಟ್ಟದ ಮನುಷ್ಯ. ರೇಡಿಯೇಟರನ್ನು ಕಳಚಿ ಅವರಲ್ಲಿಗೆ ಒಯ್ದೆ. ಬೆಂಕಿ ಹಿಡಿದು ಬೆಸುಗೆ ಬಿಚ್ಚಿ, ಮೇಲಿನ ಟ್ಯಾಂಕ್ ಎತ್ತಿ ಒಳಗೆ ನೋಡಿದರು. ಮೂಗು ಮುಚ್ಚಿಕೊಂಡು ನನ್ನನ್ನು ನೋಡಿದರು.

"ಸರ, ಏನ್ ಹಾಕೀರಿ ಇದರಾಗ?"

"ಮಜ್ಜಿಗಿ."

"ಸೋರಾಕತ್ರ ಮಂದಿ ಅರಿಶಿಣ ಹಾಕ್ತಾರ, ತತ್ತಿ ಒಡದ ಹಾಕ್ತಾರ. ಮಜ್ಜಿಗಿ ಹಾಕಿದವ್ರು ನೀವ ಮೊದಲ್ನೇದವ್ರು ನೋಡ್ರಿ. ಒಂದೀಟ ಒಗ್ಗರಣಿ ಕೊಟ್ಟಿದ್ರ ಛಲೋ ಆಗ್ತಿತ್ತು."

ನೀರು ಹರಿಯುವ ಸಣ್ಣ ಕೊಳವೆಗಳ ಸಾಲಿಗೆ ಅವರು ಜಾಲಿ ಎನ್ನುತ್ತಾರೆ. ಮಜ್ಜಿಗೆ ಅಲ್ಲಿ ಒಡೆದು, ಒಣಗಿ, ಗಾರೆಯಾಗಿ ಕೂತಿತ್ತು. ತೆಳು ಕಬ್ಬಿಣದ ಸಳಿ ಹಾಕಿ ಚುಚ್ಚಿದರೆ ಕೊಳವೆಗಳೇ ಮುರಿದವು. ಈ ಗಾಡಿಯ ಜಾಲಿ ಎಲ್ಲೂ ಸಿಗುವಂಥದ್ದಲ್ಲ. ಕೊನೆಗೆ ಟ್ರ್ಯಾಕ್ಟರಿನ ಜಾಲಿ ಕೊಯ್ದು ಕೂರಿಸುವುದೆಂದಾಯಿತು. ಬೆಸೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಮೂರು ಕಡೆ ಗುಳ್ಳೆ. ಮತ್ತೆ ಬಿಚ್ಚು, ಮತ್ತೆ ಬೆಸೆ, ಮತ್ತೆ ಮುಳುಗಿಸು, ಹೊಸ ಜಾಗದಲ್ಲಿ ಗುಳ್ಳೆ. "ನಾಳಿ ಬರ್ರಿ ಸರ." ಅವರ ಕಬ್ಬಿಣದ ಸ್ಟೂಲಿನ ಮೇಲೆ ಕೂತು ಎಷ್ಟು ಗೂಡ್ಸ್ ಗಾಡಿಗಳ ಡಬ್ಬಿ ಎಣಿಸಿದೆನೋ. ಕಡೆಗೊಂದು ದಿನ ತೊಟ್ಟಿಯ ನೀರು ಅಲುಗಲಿಲ್ಲ. ಮಿಸ್ತ್ರಿ ಕುಣಿಯುವುದೊಂದು ಬಾಕಿ. ನಾನು ಆಕಳಿಸಿದೆ.

ಭಾನುವಾರ ಬೆಳಿಗ್ಗೆ ಬಬಲೇಶ್ವರಕ್ಕೆ ಹೊರಟೆವು. ಮಹಾದೇವಿ ರಸ್ತೆ ನೋಡಲೇ ಇಲ್ಲ, ಶಾಖ ತೋರಿಸುವ ಮುಳ್ಳನ್ನೇ ನೋಡುತ್ತಿದ್ದಳು. ನಾನೂ ಅದನ್ನೇ ನೋಡುತ್ತಿದ್ದೆ. ನಿಮ್ಮೆದುರು ಮುಚ್ಚಿಡುವುದೇನು, ಆ ಮುಳ್ಳು ಏರಲಿ ಎಂದು ಹರಕೆ ಹೊತ್ತಿದ್ದೆ. ನನಗೆ ಸಾಕಾಗಿತ್ತು. ಗಾಡಿ ಕುದಿದು ನಿಂತರೆ ಮಾರಿದವಳು ಅವಳಾಗುತ್ತಾಳೆ. ನಾನು ಉಳಿದ ಆಯುಷ್ಯವೆಲ್ಲ "ನನ್ನ ಕಾರು ಹೋಯಿತು" ಎಂದು ನಿಟ್ಟುಸಿರು ಬಿಡುತ್ತ, ತಂಪಾಗಿ ಬಸ್ಸಿನಲ್ಲಿ ಓಡಾಡಬಹುದು. ಆದರೆ ಮುಳ್ಳು ನಡುವಿಗೆ ಬಂದು ಕೂತದ್ದು ಅಲ್ಲಾಡಲಿಲ್ಲ. ಟ್ರ್ಯಾಕ್ಟರಿನ ಜಾಲಿ ನೋಡಿ, ಉಳುವ ಹಟ ಅದಕ್ಕೆ.

ಕಟ್ಟೆಯ ಮೇಲೆ ಕೂತಿದ್ದ ಮಾವ ಗಾಬರಿಯಾದರು. "ಅಳಿಯಂದ್ರ, ಇಷ್ಟ ಲಗೂ? ನೀವು ಜೀಪ್ ಹತ್ತಿ ಬರೂದ್ರಾಗ ಹೊತ್ತ ಆಗ್ತದಂತ ನಿಮ್ಮತ್ತಿ ಇನ್ನ ಒಲೀನ ಹಚ್ಚಿಲ್ಲ!"

ಅಷ್ಟರಲ್ಲಿ ಭಾವಮೈದುನ ಗಿರಾಕಿಯನ್ನು ಬೈಕಿನಲ್ಲಿ ಕರೆತಂದ. ಗಿರಾಕಿ ಗಾಡಿಯ ಸುತ್ತ ಎರಡು ಸುತ್ತು ಹಾಕಿ, "ತಗೊಂತೀನ್ರಿ" ಅಂದ. ನನ್ನ ಎದೆ ಹಗುರಾಯಿತು. "ನಿಮ್ಗ ಅಷ್ಟ ಮನಸಾಗಿದ್ರ..." ಎಂದು ಶುರುಮಾಡಿದೆ.

"ಇಲ್ರಿ!" ಎಂದಳು ಮಹಾದೇವಿ. ಗಾಳಿಗೆ ಕೆದರಿದ ತಲೆ, ಮುಖದ ತುಂಬ ನಗು. "ಮುಟ್ಟೇವಲ್ಲ? ಮಾತಂದ್ರ ಮಾತು. ಇವ್ರ ಜೀವಾನ ಅದರಾಗ ಐತಿ, ಹೆಂಗ ಕೊಡ್ಲಿ?"

ಗಿರಾಕಿ ಹೋದ. ಮಾವ ನನ್ನ ಬೆನ್ನು ಚಪ್ಪರಿಸಿದರು. "ಪುಣ್ಯವಂತ್ರ ಇದ್ದೀರಿ, ಅಳಿಯಂದ್ರ."

ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಸಂತೋಷಕ್ಕೆಂದು ಎಲ್ಲರೂ ತಿಳಿದರು. ನಾನು ತಿದ್ದಲು ಹೋಗಲಿಲ್ಲ.