ಸೀರೆ ಉಟ್ಟ ಮೋಟಾರು

ನಮ್ಮ ದೊಡ್ಡಪ್ಪನಿಗೆ ರಿಪೇರಿ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಈ ವಯಸ್ಸಿನಲ್ಲೂ ಜಗಳಕ್ಕೆ ನಿಲ್ಲುತ್ತೇನೆ. ಬರುತ್ತಿತ್ತು, ಬಹಳ ಚೆನ್ನಾಗಿ ಬರುತ್ತಿತ್ತು. ಅವರು ಕೈಯಿಟ್ಟ ವಸ್ತು ಮಾತ್ರ ಆಮೇಲೆ ತನ್ನ ಹಳೆಯ ಕೆಲಸಕ್ಕೆ ಬರುತ್ತಿರಲಿಲ್ಲ, ಅಷ್ಟೆ!

ಚಳ್ಳಕೆರೆಯಲ್ಲಿ ಅವರದು ಕಂಬಳಿ ವ್ಯಾಪಾರ. ಆದರೆ ಅಂಗಡಿಯಲ್ಲಿ ಕುಳಿತದ್ದಕ್ಕಿಂತ ಊರವರ ಮುರುಕು ಸಾಮಾನಿನ ಮುಂದೆ ಕುಳಿತದ್ದೇ ಹೆಚ್ಚು. ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ಕೊಡೆ ಬಿಚ್ಚಿಕೊಳ್ಳುವುದಿಲ್ಲವೆಂದು ತಂದುಕೊಟ್ಟರು. ದೊಡ್ಡಪ್ಪ ಒಂದು ಗಳಿಗೆಯಲ್ಲಿ ಬಿಚ್ಚಿಕೊಟ್ಟರು. ಆಮೇಲೆ ಅದು ಮುಚ್ಚಲಿಲ್ಲ! ಬಾಗಿಲಲ್ಲಿ ಹಿಡಿಸದೆ ಆ ಪುಣ್ಯಾತ್ಮರು ಕೊಡೆ ಹಿಡಿದುಕೊಂಡು ಜಗಲಿಯ ಮೇಲೆಯೇ ಊಟ ಮಾಡಿದರು. ನಮ್ಮ ಕಣಜದ ಬೀಗವನ್ನೂ ಸರಿಮಾಡಿದ್ದರು. ಅಂದಿನಿಂದ ಅದು ಬಾಚಣಿಗೆಯ ಹಿಡಿ ಹಾಕಿದರೂ ತೆರೆಯುತ್ತಿತ್ತು. "ಇಂಥ ಬೀಗ ಇಡೀ ಸೀಮೆಯಾಗೆ ಇನ್ನೊಂದು ತೋರ್ಸ್ರಿ ನೋಡಾನ" ಎಂದು ದೊಡ್ಡಪ್ಪ ಮುಖ ಬಿಗಿದುಕೊಂಡು ಹೇಳುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಕಡಿಮೆ.

ಇಂಥವರು ಒಂದು ಮೋಟಾರು ಕೊಂಡರೆಂದರೆ ಮನೆಯವರ ಎದೆ ನಡುಗದೆ ಇದ್ದೀತೇ? ಬಳ್ಳಾರಿಯಲ್ಲಿದ್ದ ಯಾರೋ ಬಿಳಿಯ ದೊರೆ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋದ ಗಾಡಿ ಅದು. ಮೋಟಾರು ಬಂತೆಂದರೆ ಜನ ಹೊಲದ ಕೆಲಸ ಬಿಟ್ಟು ರಸ್ತೆಗೆ ಓಡಿಬರುತ್ತಿದ್ದ ಕಾಲ. ದೊಡ್ಡಪ್ಪ ಶೋಕಿಗೆ ಕೊಂಡರೆಂದು ಊರೆಲ್ಲ ಅಂದುಕೊಂಡಿತು. ಅವರು ಕೊಂಡದ್ದು ನನಗಾಗಿ.

ನನ್ನನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿನಲ್ಲಿ ನನ್ನನ್ನು ತವರಿಗೆ ಕರೆದುಕೊಂಡು ಹೊರಟಾಗ ಎತ್ತಿನ ಗಾಡಿ ಹೊಡೆದವರು ದೊಡ್ಡಪ್ಪನೇ. ದಾರಿಯಲ್ಲಿ ಚಕ್ರ ಕೊರಕಲಿಗೆ ಇಳಿದು ಗಾಡಿ ಎತ್ತಿಹಾಕಿತು. ಆ ಮಗು ನನಗೆ ದಕ್ಕಲಿಲ್ಲ. ಯಾರೂ ಅವರನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ ಎಂದು ಈಗ ಅನ್ನಿಸುತ್ತದೆ.

ಎರಡನೆಯ ಸಲ ನನಗೆ ಏಳನೆಯ ತಿಂಗಳು ನಡೆಯುವಾಗ ದೊಡ್ಡಪ್ಪ ಮೋಟಾರು ತಂದರು. ಅದು ಊರ ಹೊರಗಿನ ಗುಡ್ಡದ ತಿರುವಿನಲ್ಲಿರುವಾಗಲೇ ಕಿರುಚಾಟ ಕೇಳಿಸಿತು. ನಮ್ಮ ಬೀದಿಯ ಮಗ್ಗಗಳೆಲ್ಲ ನಿಂತವು. ನನ್ನ ಅತ್ತೆ ಬಾಗಿಲಿಗೆ ಬಂದು ನಿಂತರು.

"ಏನ್ರಿ ಬೀಗ್ರೇ, ಏನಿದು ಸದ್ದು?"

"ಏನಿಲ್ರಿ, ಕಮಾನು. ಒಸಿ ಮಾತಾಡ್ತೈತೆ."

"ಮಾತಲ್ಲ, ಅಳ್ತೈತೆ. ಕಬ್ಬಿಣಾನೇ ಇಷ್ಟು ಅತ್ರೆ ಒಳಗೆ ಕುಂತ ಬಸುರಿ ಗತಿ ಏನು? ಅದು ಬಾಯಿ ಮುಚ್ಚೋ ತನಕ ನನ್ ಸೊಸೇನ ಕಳ್ಸಲ್ಲ."

ಅತ್ತೆಯದು ಹಟವಲ್ಲ, ಭಯ. ಅದು ನನಗೂ ಗೊತ್ತಿತ್ತು. ಆದರೆ ಎಂಟನೆಯ ತಿಂಗಳು ಹುಟ್ಟಿದರೆ ಬಸುರಿಯನ್ನು ಊರು ದಾಟಿಸುವಂತಿಲ್ಲ. ಉಳಿದದ್ದು ಎಂಟೇ ದಿನ. ನನಗೋ ಅವ್ವ ಬೇಕಾಗಿತ್ತು. ಒಮ್ಮೆ ಕಳೆದುಕೊಂಡವಳಿಗೆ ಹೆರಿಗೆಯೆಂದರೆ ಎಂಥ ದಿಗಿಲೆಂದು ನಾನು ಬರೆದು ತಿಳಿಸಲಾರೆ.

ಬಳ್ಳಾರಿಯಿಂದ ಮೋಟಾರು ಬಲ್ಲ ಮೇಸ್ತ್ರಿಯನ್ನು ಕರೆಸೋಣವೆಂದು ನಮ್ಮ ಯಜಮಾನರು ಮೆಲ್ಲಗೆ ಹೇಳಿದರು. "ಯಾಕೆ, ನನ್ ಕೈಗೇನಾಗೈತೆ?" ಎಂದರು ದೊಡ್ಡಪ್ಪ. ಯಜಮಾನರು ಆ ಕೊಡೆಯನ್ನು ನೆನೆದು ಅಲ್ಲಿಂದ ಜಾರಿಕೊಂಡರು.

ಹೆಣ್ಣು ಕೊಟ್ಟ ಮನೆಯಲ್ಲಿ ಹಿರಿಯರು ದಿನಗಟ್ಟಲೆ ಉಳಿಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾನು ನಾಚಿಕೆ ಬಿಟ್ಟು ಅದನ್ನು ಹೇಳಿದೆ. "ನಾನು ನಿಮ್ ಮನ್ಯಾಗೆ ಎಲ್ಲಿದೀನಿ ಮಗಾ? ಮೋಟಾರಿನ ಕೆಳಗಿದೀನಿ!" ಎಂದು ಕೆಳಗಿನಿಂದಲೇ ಉತ್ತರ ಬಂತು. ಅಂಗಳದಲ್ಲಿ ಕಾಣುತ್ತಿದ್ದದ್ದು ಅವರ ಎರಡು ಪಾದ ಮಾತ್ರ.

ಚಕ್ರಕ್ಕೂ ಮೇಲಿನ ಪೆಟ್ಟಿಗೆಗೂ ನಡುವೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳೇ ಕಮಾನು. ಗಾಡಿ ಕುಕ್ಕದಂತೆ ತಡೆಯುವುದು ಅವೇ. ಒಂದಕ್ಕೊಂದು ಉಜ್ಜಿ ಕಿರುಚುವುದೂ ಅವೇ. ದೊಡ್ಡಪ್ಪ ಮೊದಲು ಹರಳೆಣ್ಣೆ ಹೊಯ್ದರು. ಒಂದು ದಿನ ಮೌನ. ಮರುದಿನ ದಾರಿಯ ಧೂಳೆಲ್ಲ ಎಣ್ಣೆಗೆ ಮೆತ್ತಿಕೊಂಡು ಸದ್ದು ಇಮ್ಮಡಿಯಾಯಿತು. ಯಾರೋ ಬಂದು ಕುರಿಯ ಕೊಬ್ಬು ಬಳಿದರೆ ಸರಿಹೋಗುತ್ತದೆ ಎಂದರು. "ಶಿವ ಶಿವಾ! ನನ್ ಅಂಗಳದಾಗೆ ಕೊಬ್ಬಾ?" ಎಂದು ಅತ್ತೆ ಒಳಗಿನಿಂದ ಕೂಗಿದ್ದಕ್ಕೆ ಆತ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟುಹೋದ.

ಐದನೆಯ ದಿನ ದೊಡ್ಡಪ್ಪ ಪಟ್ಟಿಗಳ ತಿರುಪನ್ನೆಲ್ಲ ಬಲವಾಗಿ ಬಿಗಿದರು. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿಬಂದರು. ಒಂದು ಸದ್ದಿಲ್ಲ! ಬೀದಿಯವರು ಭೇಷ್ ಎಂದರು.

"ಬಾಯೇನೋ ಮುಚ್ತು" ಎಂದರು ಅತ್ತೆ. "ಎತ್ತಿಹಾಕಾದು?"

"ಅದನ್ನ ನಾನೇ ಕುಂತು ನೋಡ್ತೀನಿ" ಎಂದ ದೊಡ್ಡಪ್ಪ ಒಂದು ಮಣ್ಣಿನ ಕುಡಿಕೆಗೆ ನೀರು ತುಂಬಿಸಿ, ಬಾಯಿಗೆ ಬಟ್ಟೆ ಬಿಗಿದು, ಪಂಚೆಯಿಂದ ಅದನ್ನು ತಮ್ಮ ಹೊಟ್ಟೆಗೆ ಕಟ್ಟಿಕೊಂಡರು! ಹಿಂದಿನ ಸೀಟಿನಲ್ಲಿ ಹೆಂಗಸರಂತೆ ಕಾಲು ಮಡಚಿ ಕುಳಿತರು. ನಮ್ಮ ಯಜಮಾನರಿಗೆ ಮೋಟಾರು ಹೊಡೆಯಲು ಹೇಳಿಕೊಟ್ಟು, ದೇವಸಮುದ್ರದ ದಾರಿಯಲ್ಲಿ ಒಂದು ಹರದಾರಿ ದೂರ ಹೊಡೆಸಿದರು. ಕುಡಿಕೆ ಹೊತ್ತ ದೊಡ್ಡಪ್ಪನನ್ನು ನೋಡಿ ನಗದವರಿಲ್ಲ. ನನಗಂತೂ ಬಾಗಿಲು ಹಿಡಿದುಕೊಳ್ಳಬೇಕಾಯಿತು.

ಹಿಂದಿರುಗಿ ಬಂದಾಗ ಅವರ ಪಂಚೆಯೆಲ್ಲ ಒದ್ದೆಯಾಗಿತ್ತು. ಕುಡಿಕೆ ಒಡೆದಿತ್ತು. ಬೀದಿ ಇನ್ನೂ ಜೋರಾಗಿ ನಕ್ಕಿತು. ದೊಡ್ಡಪ್ಪ ಇಳಿದು, ಅಂಗಳದಲ್ಲಿ ನಿಂತು, ಹೊಟ್ಟೆಯಿಂದ ಓಡುಗಳನ್ನು ಒಂದೊಂದಾಗಿ ಬಿಡಿಸಿದರು. ನನ್ನ ನಗು ನಿಂತುಹೋಯಿತು. ಅತ್ತೆ ಮೊದಲೂ ನಕ್ಕಿರಲಿಲ್ಲ.

ಅವರು ಮತ್ತೆ ಮೋಟಾರಿನ ಕೆಳಗೆ ತೂರಿ ಬಿಗಿದ ತಿರುಪನ್ನೆಲ್ಲ ಸಡಿಲಿಸಿದರು. ಸಡಿಲಿಸಿದರೆ ಮೆತ್ತಗೆ ಓಡುತ್ತದೆ, ಆದರೆ ಕಿರುಚುತ್ತದೆ. ಬಿಗಿದರೆ ಸುಮ್ಮನಿರುತ್ತದೆ, ಆದರೆ ಕುಕ್ಕುತ್ತದೆ. ಕಿರುಚಿದರೆ ಅತ್ತೆ ಕಳಿಸುವುದಿಲ್ಲ, ಕುಕ್ಕಿದರೆ ದೊಡ್ಡಪ್ಪನೇ ಕರೆದೊಯ್ಯುವುದಿಲ್ಲ. ಇನ್ನು ಮೂರು ದಿನ ಉಳಿದಿತ್ತು.

ಎದುರು ಮನೆಯಲ್ಲಿ ಒಬ್ಬ ಮುದುಕ ನೇಕಾರನಿದ್ದ. ಮನೆಮಾತು ತೆಲುಗು. ಐದು ದಿನದಿಂದ ಮಗ್ಗದ ಗುಂಡಿಯಲ್ಲಿ ಕುಳಿತೇ ಎಲ್ಲವನ್ನೂ ನೋಡುತ್ತಿದ್ದವನು ಎದ್ದು ಬಂದ.

"ಸಾಮೀ, ನಮ್ ಮಗ್ಗಾನೂ ಹಿಂಗೇ ಅಳ್ತೈತೆ. ಬರೇ ಎಣ್ಣೆ ಹಾಕಿದ್ರೆ ದುಮ್ಮು ಕುಂತ್ಕತೈತೆ" ಎಂದ. ದುಮ್ಮು ಎಂದರೆ ನಮ್ಮ ಧೂಳು. "ಪಟ್ಟಿ ಎಲ್ಲಾ ಬಿಚ್ಚಿ, ಉಜ್ಜಿ, ಎಣ್ಣೆ ಜೊತೆ ಜೇನುಮೇಣ ಕಾಸಿ ಹಚ್ರಿ. ಆಮ್ಯಾಲೆ ಮೇಲೆ ಬಟ್ಟೆ ಉಡಿಸ್ರಿ. ನೂಲು ಬಟ್ಟೆ ಹರೀತೈತೆ. ರೇಷ್ಮೆ ಆಗ್ಬೇಕು."

ರೇಷ್ಮೆಯ ಊರು ನಿಜ. ಹಾಗೆಂದು ಮಸಿ ಮೆತ್ತಿದ ಕಬ್ಬಿಣಕ್ಕೆ ರೇಷ್ಮೆ ಸುತ್ತುವವರು ಯಾರು? ಅತ್ತೆ ಒಳಗೆ ಹೋದರು. ಬರುವಾಗ ಅವರ ಧಾರೆಯ ಸೀರೆ ಕೈಯಲ್ಲಿತ್ತು.

"ಹಳೇದು, ಮೆತ್ತಗೈತೆ. ತೊಟ್ಟಿಲಿಗೆ ಅಂತ ಇಟ್ಟಿದ್ದೆ" ಎಂದರು. "ತಗಳ್ರಿ ಬೀಗ್ರೇ. ಮಗು ಬರ್ಲಿ, ತೊಟ್ಟಿಲಿಗೆ ಬ್ಯಾರೆ ನೇಯಿಸಿದ್ರಾತು."

ದೊಡ್ಡಪ್ಪ ಮಸಿಯ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಎರಡು ದಿನ ಪಟ್ಟಿಗಳನ್ನು ಉಜ್ಜಿದರು, ಮೇಣ ಹಚ್ಚಿದರು. ಮೂರನೆಯ ದಿನ ಬೆಳಿಗ್ಗೆ ಮೋಟಾರಿಗೆ ಸೀರೆ ಉಡಿಸುವುದನ್ನು ನೋಡಲು ಬೀದಿಯ ಹೆಂಗಸರೆಲ್ಲ ನೆರೆದರು. ಅಂಚು ಒಳಗೋ ಹೊರಗೋ, ಸೆರಗು ಮುಂದಿನ ಚಕ್ರಕ್ಕೋ ಹಿಂದಿನದಕ್ಕೋ ಎಂದು ದೊಡ್ಡ ಚರ್ಚೆಯೇ ನಡೆಯಿತು. "ಅಂಚು ಹೊರಗೇ ಬರ್ಲಿ. ಹೆಣ್ಣುಮಗಳನ್ನ ಕರ್ಕೊಂಡು ಹೋಗೋ ಗಾಡಿ" ಎಂದು ದೊಡ್ಡಪ್ಪ ಗಂಭೀರವಾಗಿ ತೀರ್ಪು ಕೊಟ್ಟರು.

ಅಂದೇ ಹೊರಟೆವು. ಅತ್ತೆ ನನ್ನ ಮಡಿಲು ತುಂಬಿ, ಕಮಾನನ್ನೂ ಒಮ್ಮೆ ಮುಟ್ಟಿ ನೋಡಿದರು. ಹಿಂದೆ ನಾನೊಬ್ಬಳು, ಮುಂದೆ ದೊಡ್ಡಪ್ಪ. ಎತ್ತಿನ ಗಾಡಿಯೇ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನ! ಹಳ್ಳ ಕಂಡರೆ ನಿಲ್ಲಿಸುತ್ತಿದ್ದರು, ಇಳಿದು ನೋಡುತ್ತಿದ್ದರು, ಕಲ್ಲು ಎತ್ತಿಹಾಕಿ ಬಂದು ಮತ್ತೆ ಹೊಡೆಯುತ್ತಿದ್ದರು. ಕಮಾನು ತುಟಿ ಬಿಚ್ಚಲಿಲ್ಲ.

ಒಂದು ಕೊರಕಲಿನ ಹತ್ತಿರ ಅವರು ಎಂಜಿನ್ನಿನ ಸದ್ದನ್ನೂ ತಗ್ಗಿಸಿದರು. ಆಗ ಅವರ ದನಿ ಕೇಳಿಸಿತು. ನನಗೇನೋ ಹೇಳುತ್ತಿದ್ದಾರೆಂದು ಮುಂದಕ್ಕೆ ಬಾಗಿದೆ. ನನಗಲ್ಲ. ಎತ್ತುಗಳನ್ನು ಗದರಿಯೇ ಬದುಕಿದ ಮನುಷ್ಯ ಮೋಟಾರನ್ನು ಬೇಡಿಕೊಳ್ಳುತ್ತಿದ್ದರು.

"ಮೆಲ್ಲಕ್ಕೆ ಹೋಗವ್ವಾ, ಮೆಲ್ಲಕ್ಕೆ. ಹಿಂದೆ ನನ್ ಮಗಳು ಕುಂತವ್ಳೆ. ಹೋದ ಸಲ ನನ್ನಿಂದ ತಪ್ಪಾತು. ಈ ಸಲ ನೀನು ಕಾಪಾಡವ್ವಾ."

ಹೊಟ್ಟೆಯಲ್ಲಿದ್ದ ನನ್ನ ಮಗಳು, ಈಗ ಅವಳಿಗೂ ಮಕ್ಕಳಿದ್ದಾರೆ, ಆ ಕೊರಕಲು ದಾಟುವಾಗ ಅಲುಗಲೂ ಇಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಹಿಂದಿನಿಂದ ಕೈ ಚಾಚಿ ದೊಡ್ಡಪ್ಪನ ಹೆಗಲ ಮೇಲೆ ಇಟ್ಟೆ. ಅವರು ತಿರುಗಿ ನೋಡಲಿಲ್ಲ. ದಾರಿ ನೋಡಬೇಕಾಗಿತ್ತಲ್ಲ!