ಪಿರಮಿಡ್ಡಿನ ತುದಿಯಲ್ಲಿ ಫಿಸಿಯೋಥೆರಪಿಸ್ಟ್

ನೋವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದಿದ್ದರೆ ಅದಕ್ಕೆ ಮರ್ಯಾದೆಯೇ ಇಲ್ಲ ಎಂದು ನಂಬಿದವರ ನಡುವೆ ನನ್ನ ಬದುಕು ಸಾಗಿದೆ. ಶಿವಮೊಗ್ಗದ ಗೋಪಾಳದಲ್ಲಿ ನಾನು ಫಿಸಿಯೋಥೆರಪಿಸ್ಟ್. ನನ್ನಲ್ಲಿಗೆ ಬರುವ ನಿವೃತ್ತ ಮೇಷ್ಟ್ರುಗಳು ತಮ್ಮ ಮಂಡಿನೋವನ್ನು ಪೀಠಿಕೆ ಸಮೇತ ವಿವರಿಸುತ್ತಾರೆ; ನಡುವೆ ತಡೆದರೆ ಮುನಿಸಿಕೊಳ್ಳುತ್ತಾರೆ. ಕಾಲು ಬಾತುಕೊಂಡಿದ್ದರೂ ಏನೂ ಆಗಿಲ್ಲ ಎನ್ನುವವರೂ ಇದ್ದಾರೆಂದು ತಿಳಿದದ್ದು ಭದ್ರಾವತಿಯಲ್ಲಿ.

ಅಲ್ಲಿ ಸೆಲ್ವಿ ಎಂಬ ಕೋಚ್ ಹಳೆಯ ಗೋದಾಮೊಂದರಲ್ಲಿ ಕಾಲೇಜು ಹುಡುಗಿಯರಿಗೆ ಚಿಯರ್‌ಲೀಡಿಂಗ್ ಕಲಿಸುತ್ತಾರೆ. ಒಬ್ಬರ ಮೇಲೊಬ್ಬರು ನಿಂತು ಪಿರಮಿಡ್ ಕಟ್ಟುವುದು, ಮೇಲಿದ್ದವಳನ್ನು ಎಸೆದು ಹಿಡಿಯುವುದು, ಇಷ್ಟೆಲ್ಲ ಮಾಡುವಾಗಲೂ ನಗುತ್ತಿರುವುದು. ಭಾನುವಾರಗಳಂದು ಬಂದು ಇವರ ಕೈಕಾಲು ನೋಡಿಕೊಳ್ಳಿ ಎಂದು ಅವರು ಕೇಳಿದರು, ನಾನು ಒಪ್ಪಿದೆ. ನನ್ನ ಹೆಂಡತಿ ಮಾತ್ರ, "ಕ್ರಿಕೆಟ್ ಮ್ಯಾಚಲ್ಲಿ ಕುಣೀತಾರಲ್ಲ, ಅದೇ ತಾನೆ? ಯಾರಾದ್ರೂ ಕೇಳಿದ್ರೆ ಮಂಡಿನೋವಿನ ಕ್ಯಾಂಪಿಗೆ ಹೋಗಿದ್ದಾರೆ ಅಂತೀನಿ ಮಾರಾಯ್ರೆ" ಅಂದಳು.

ಮೊದಲ ದಿನವೇ ನಂದಿನಿ ಕುಂಟುತ್ತ ಬಂದಳು. ಪಿರಮಿಡ್ಡಿನ ತುತ್ತತುದಿಯಲ್ಲಿ ನಿಲ್ಲುವವಳು. ಪಾದದ ಗಂಟು ಬದನೆಕಾಯಿಯ ಹಾಗೆ ಊದಿತ್ತು. ಒತ್ತಿದೆ. ಕಣ್ಣಲ್ಲಿ ನೀರು, ತುಟಿಯಲ್ಲಿ ತರಬೇತಿಯ ನಗು. "ನೋವಿಲ್ಲ ಸಾರ್."

"ಉಳುಕಿದೆಯಮ್ಮ. ವಾಸಿಯಾಗೋವರೆಗೆ ಹತ್ತೋ ಹಾಗಿಲ್ಲ. ಇದರ ಮೇಲೆ ಬಿದ್ರೆ ಜನ್ಮವಿಡೀ ಕುಂಟ್ತೀಯ."

ಆಗ ನಗು ಹೋಯಿತು. "ನಾನು ಕೂತ್ರೆ ನನ್ನ ಜಾಗಕ್ಕೆ ಇನ್ನೊಬ್ಳು ಬರ್ತಾಳೆ. ಬಂದೋಳು ಬಿಟ್ಕೊಡ್ತಾಳಾ ಸಾರ್?"

ನಾನು ಓದಿದ ಶಾಸ್ತ್ರದಲ್ಲಿ ಇದಕ್ಕೆ ವ್ಯಾಯಾಮವಿಲ್ಲ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬೇಕಾದ್ರೆ ನೀವೇ ಹತ್ತಿ ಸಾರ್. ನೀವಾದ್ರೆ ಭಯ ಇಲ್ಲ. ನಿಮಗೆ ಬರಲ್ಲ."

ಸೆಲ್ವಿಯವರು ನಕ್ಕು ತಳ್ಳಿಹಾಕಿಯಾರು ಎಂದು ಅವರತ್ತ ತಿರುಗಿದೆ. ಅವರು ಕಣ್ಣಲ್ಲೇ ನನ್ನ ತೂಕ ಅಂದಾಜು ಮಾಡುತ್ತಿದ್ದರು. "ಸಾರ್ ಸಣ್ಣಗೇ ಇದ್ದಾರೆ. ಪ್ರಾಕ್ಟೀಸಿಗೆ ಸಾಕು."

ರೋಗಿಯ ಕಾಲು ಉಳಿಯಲೆಂದು ಚಪ್ಪಲಿ ಬಿಟ್ಟು ಹತ್ತಿದೆ. ಮೇಲೆ ತಲುಪಿ ನೋಡಿದರೆ ತೊಲೆಯ ಮೇಲೊಂದು ಪಾರಿವಾಳ, ನನ್ನ ಕಣ್ಣಿಗೆ ಕಣ್ಣಿಟ್ಟು ಕೂತಿದೆ. ನೀನಿಲ್ಲಿ ಯಾಕೆ ಬಂದೆ ಎಂಬ ಪ್ರಶ್ನೆ ಅದರ ಮುಖದಲ್ಲಿ ಸ್ಪಷ್ಟವಾಗಿತ್ತು. ಇಳಿಯಬೇಕಾದರೆ ಬೆನ್ನು ಕೆಳಗೆ ಮಾಡಿ ಹಿಂದಕ್ಕೆ ಬೀಳಬೇಕಂತೆ, ಕೆಳಗಿದ್ದವರು ಹಿಡಿಯುತ್ತಾರಂತೆ. ಏಣಿ ಇದ್ದರೆ ತನ್ನಿ ಎಂದೆ. ಏಣಿ ಇರಲಿಲ್ಲ. ಕೆಳಗೆ ಬಗ್ಗಿ ನೋಡಿದೆ, ಜೊತೆಗೆ ಪಿರಮಿಡ್ಡೂ ಬಗ್ಗಿತು.

ಪಾದಕ್ಕೆ ಐಸ್ ಇಟ್ಟುಕೊಂಡು ಕೂತಿದ್ದ ನಂದಿನಿ ಅಲ್ಲಿಂದಲೇ ಹೇಳಿದಳು: "ಸಾರ್, ಕೆಳಗೆ ನೋಡ್ಬೇಡಿ. ಉಸಿರು ಬಿಡಿ. ಮೈ ಸಡಿಲ ಬಿಟ್ಟು ಹಾಗೇ ಒರಗಿ. ಇವರು ನನ್ನನ್ನ ಒಂದಿನಾನೂ ಬೀಳಿಸಿಲ್ಲ."

ಕಣ್ಣು ಮುಚ್ಚಿ ಬಿದ್ದೆ. ಅಷ್ಟೂ ಕೈಗಳು ನನ್ನನ್ನು ಕೂಸಿನ ಹಾಗೆ ಹಿಡಿದವು. ನಂದಿನಿ ಸಮಾಧಾನದಿಂದ ಕಾಲು ಮುಂದೆ ಚಾಚಿ, ಪಟ್ಟಿ ಕಟ್ಟಿ ಎಂದಳು.

ಆಮೇಲಿನ ಭಾನುವಾರಗಳಲ್ಲಿ ನಾನು ಹತ್ತಿದೆ, ಅವಳು ಕೂತು ತಿದ್ದಿದಳು. ಅವಳ ಊತ ಇಳಿಯುತ್ತ ಬಂತು. ನನಗೆ ಮೇಲೆ ನಿಂತು ಕೈ ಬೀಸುವಷ್ಟು ಧೈರ್ಯ ಬಂತು. ಕೊನೆಗೊಂದು ದಿನ ಪಾದ ಪರೀಕ್ಷಿಸಿದೆ. ಪೂರ್ತಿ ವಾಸಿಯಾಗಿತ್ತು. ಹಾಗೆಂದು ಹೇಳಬೇಕಾದ ಬಾಯಿ, "ಯಾವುದಕ್ಕೂ ಇನ್ನೊಂದು ವಾರ ನೋಡೋಣ" ಎಂದುಬಿಟ್ಟಿತು.

ನಂದಿನಿ ನನ್ನ ಮುಖವನ್ನೇ ನೋಡುತ್ತ ಶೂ ದಾರ ಬಿಗಿದಳು. "ಸಾರ್," ಎಂದಳು ಮೆತ್ತಗೆ, "ಇನ್ನು ನನ್ನ ಜಾಗ ಬಿಟ್ಕೊಡಿ."