ಕಾರು ನಮ್ಮದು, ಸಾಲ ಯಾರದು?

ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಪಕ್ಕದ ಒಂದು ಕಾರ್ ಶೋರೂಮಿನಲ್ಲಿ ಸಾಲದ ಮೇಜಿನ ಹಿಂದೆ ಕೂತು ನನಗೆ ಹನ್ನೊಂದು ವರ್ಷ ಆಯಿತು. ಸೇಲ್ಸ್‌ನವರು ಬಂದ ಗಿರಾಕಿಯನ್ನು ಹೊಸ ಕಾರಿನ ಸೀಟಿನಲ್ಲಿ ಕೂರಿಸಿ, ಏಸಿ ಹಾಕಿ, ಹಾರನ್ ಹೊಡೆಸಿ ಆಸೆ ಹುಟ್ಟಿಸುತ್ತಾರೆ. ಆಸೆ ಹುಟ್ಟಿದ ಮೇಲೆ ಅವರನ್ನು ತಂದು ನನ್ನ ಮುಂದೆ ಕೂರಿಸುತ್ತಾರೆ. ನಾನು ಆಧಾರ್ ಕಾರ್ಡು, ಪಹಣಿ, ಪಾಸ್‌ಬುಕ್ಕು ಎಲ್ಲ ಇಸಕೊಂಡು ಮೂರ್ನಾಲ್ಕು ಬ್ಯಾಂಕಿಗೋ ಫೈನಾನ್ಸ್ ಕಂಪನಿಗೋ ಕಳಿಸುತ್ತೇನೆ. ಒಪ್ಪಿದವರು ಕಾರಿನ ಬಾಕಿ ಹಣವನ್ನು ಒಂದೇ ಏಟಿಗೆ ನಮ್ಮ ಶೋರೂಮಿಗೆ ಕಟ್ಟಿಬಿಡುತ್ತಾರೆ. ಆಮೇಲೆ ಗಿರಾಕಿ ತಿಂಗಳು ತಿಂಗಳು ಕಂತು ಕಟ್ಟಬೇಕಾದ್ದು ಅವರಿಗೆ, ನಮಗಲ್ಲ.

ವಿಷಯ ಇಷ್ಟೇ. ಆದರೆ ಈ ಇಷ್ಟನ್ನು ಹೇಳುವುದರಲ್ಲೇ ನನ್ನ ಹನ್ನೊಂದು ವರ್ಷ ಕಳೆದಿದೆ. ಒಬ್ಬರಿಗೆ ಅರ್ಥವಾಯಿತು ಅಂತ ನೀರು ಕುಡಿಯೋಷ್ಟರಲ್ಲಿ ಇನ್ನೊಬ್ಬರು ಬಂದು ಕೂತಿರುತ್ತಾರೆ. ಕೂತವರು ಸುಮ್ಮನೆ ಎದ್ದು ಹೋಗುವ ಪೈಕಿಯೂ ಅಲ್ಲ.

ಮುಖ ನೋಡಿ ಹಾಕಿದ ಸೈನು

ಅರಕೆರೆ ಕಡೆಯ ಒಬ್ಬ ರೈತರು, ಐವತ್ತು ದಾಟಿದವರು, ಮಗಳ ಮನೆಗೆ ಹೋಗಿ ಬರೋಕೆ ಅಂತ ಸಣ್ಣ ಕಾರು ತಗೊಂಡರು. ಮರುತಿಂಗಳು ಐದನೇ ತಾರೀಕು ಶೋರೂಮಿನ ಬಾಗಿಲು ತೆಗೆಯೋ ಹೊತ್ತಿಗೆ ಸರಿಯಾಗಿ ಬಂದು ನಿಂತರು. ಬಂದಿದ್ದು ಬಸ್ಸಿನಲ್ಲಿ. "ಕಾರ್ ತರ್ಲಿಲ್ವಾ ಅಣ್ಣಾ?" ಅಂದೆ. "ಅಯ್ಯೋ, ಇಲ್ಲಿ ಬಿಸ್ಲಲ್ಲಿ ನಿಲ್ಲಿಸ್ಬೇಕಾಯ್ತದೆ, ಪಾಪ" ಅಂದರು.

ಹೆಗಲ ಟವೆಲ್ಲಿನ ಗಂಟು ಬಿಚ್ಚಿ ನೋಟಿನ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ತಕ್ಕೋ ಕಣವ್ವಾ, ಎಣಿಸ್ಕೋ. ಮಾತು ಅಂದ್ರೆ ಮಾತು."

"ಅಣ್ಣಾ, ಇದು ನನಗೆ ಕೊಡೋದಲ್ಲ. ನಿಮಗೆ ಸಾಲ ಕೊಟ್ಟಿರೋರು ಫೈನಾನ್ಸ್ ಕಂಪನಿಯೋರು. ಈ ತಿಂಗಳ ಕಂತನ್ನ ಬೆಳಿಗ್ಗೇನೇ ನಿಮ್ಮ ಬ್ಯಾಂಕ್ ಖಾತೆಯಿಂದ ಅವರೇ ತಗೊಂಡಿರ್ತಾರೆ. ಮೊಬೈಲ್‌ಗೆ ಮೆಸೇಜ್ ಬಂದಿರ್ತದೆ ನೋಡಿ."

"ಯಾರವ್ವಾ ಅವ್ರು? ನಾನ್ ಅವ್ರ ಮಕಾನೇ ನೋಡಿಲ್ವಲ್ಲ!"

"ಅವತ್ತು ನೀವು ಸೈನ್ ಹಾಕಿದ್ರಲ್ಲ, ಆ ಪೇಪರೆಲ್ಲ ಅವರದೇ ಅಣ್ಣಾ."

"ನಾನು ನಿನ್ ಮಕ ನೋಡಿ ಸೈನ್ ಹಾಕ್ದೆ ಕಣವ್ವಾ."

ಅವರ ದನಿಯಲ್ಲಿ ಇದ್ದದ್ದು ಕೋಪವಲ್ಲ, ಬೇಸರ. ನನಗೂ ಒಂಥರಾ ಆಯಿತು. ಟೀ ತರಿಸಿ ಕೊಟ್ಟು, ಫೈಲ್ ತೆಗೆದು, ಕಂಪನಿಯ ಹೆಸರು, ಸಾಲದ ನಂಬರು, ಅವರ ಫೋನ್ ನಂಬರು ಎಲ್ಲವನ್ನೂ ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ. ಟೀ ಮುಗಿಯೋವರೆಗೂ ಏನೋ ಲೆಕ್ಕ ಹಾಕುತ್ತಿದ್ದರು.

"ಅಂಗಾದ್ರೆ ನಿಮ್ ಶೋರೂಮ್‌ಗೆ ದುಡ್ಡು ಬಂದಿಲ್ವಾ?"

"ಬಂತಲ್ಲ ಅಣ್ಣಾ. ಕಂಪನಿಯೋರು ಪೂರ್ತಿ ದುಡ್ಡು ಅವತ್ತೇ ಕಟ್ಟಿದ್ರು."

ಮುಖ ಅರಳಿತು. ನೋಟಿನ ಕಟ್ಟನ್ನು ಮತ್ತೆ ಟವೆಲ್ಲಿಗೆ ಕಟ್ಟಿ ಎದ್ದು ನಿಂತರು.

"ನಿಮ್ ದುಡ್ಡು ನಿಮಗೆ ಬಂದ್ಬುಟ್ಟದೆ. ನನ್ ಕಾರು ನನಗೆ ಬಂದ್ಬುಟ್ಟದೆ. ಇನ್ನು ಆ ಮಕ ಕಾಣ್ದಿರೋರಿಗೆ ನಾನ್ಯಾಕವ್ವಾ ಕಟ್ಬೇಕು?"

ಕೊತ್ತಂಬರಿ ಸೊಪ್ಪು

ನನ್ನ ಮನೆ ಇರೋದು ಪಾಂಡವಪುರದಲ್ಲಿ. ನಮ್ಮ ಬೀದಿಯವರ ಪ್ರಕಾರ ನಾನು ಪಟ್ಣದಲ್ಲಿ ಕೂತು ಜನಕ್ಕೆ ಸಾಲ ಕೊಡುವ ದೊಡ್ಡ ಸಾಹುಕಾರ್ತಿ. ನಾನು ಬೆಳಿಗ್ಗೆ ಬಸ್ಸಿಗೆ ಓಡೋದನ್ನ ದಿನಾ ನೋಡಿದರೂ ಅವರ ನಂಬಿಕೆ ಮಾತ್ರ ಹೋಗಿಲ್ಲ.

ಒಂದು ಭಾನುವಾರ ಸೊಪ್ಪಿನ ಗಾಡಿಯವನ ಹತ್ತಿರ ಕೊತ್ತಂಬರಿ ಸೊಪ್ಪಿಗೆ ಐದು ರೂಪಾಯಿ ಕಮ್ಮಿ ಮಾಡು ಅಂತ ಚೌಕಾಸಿ ಮಾಡುತ್ತಿದ್ದೆ. ಎದುರು ಮನೆ ಜಗಲಿಯಿಂದ ಅಜ್ಜಿ ಕೂಗಿತು:

"ಕಮ್ಮಿ ಮಾಡ್ಬ್ಯಾಡ ಕಣ್ಲಾ! ಪಟ್ಣದಲ್ಲಿ ಕಂಡ್‌ಕಂಡೋರ್ಗೆಲ್ಲ ಲಕ್ಷ ಲಕ್ಷ ಎತ್ತಿ ಕೊಡ್ತಾಳೆ, ನಿನ್ ತಾವ ಐದ್ ರೂಪಾಯ್ಗೆ ಜಗ್ಳಕ್ಕೆ ಬಂದವ್ಳೆ!"

"ಅಜ್ಜಿ, ಅದು ನನ್ನ ದುಡ್ಡಲ್ಲ. ಬ್ಯಾಂಕಿನೋರದು, ಕಂಪನಿಯೋರದು. ನಾನು ಬರೀ ಪೇಪರ್ ಕಳಿಸೋಳು" ಅಂದೆ.

ಅಜ್ಜಿ ತಲೆಯಾಡಿಸಿತು.

"ಓ, ಕಂಡೋರ ದುಡ್ಡಾ? ಅದಕ್ಕೇ ಕಣೆ ಅಷ್ಟು ಧಾರಾಳ!"

ಮನೆ ನೋಡೋ ಶಾಸ್ತ್ರ

ನಾಗಮಂಗಲದಿಂದ ನಿವೃತ್ತ ಹೆಡ್ ಮಾಸ್ಟರ್ ಒಬ್ಬರು ಹೆಂಡತಿ ಸಮೇತ ಬಂದರು. ಜೀವನದ ಮೊದಲನೇ ಕಾರು. ಬಿಳಿ ಬಣ್ಣದ್ದನ್ನು ಆರಿಸಿ, ಅದನ್ನು ಮೂರು ಸುತ್ತು ಸುತ್ತಿ ಬಂದು ನನ್ನ ಮುಂದೆ ಕೂತರು.

ಸಾಲದ ಕರಾರುಪತ್ರ ನಲವತ್ತು ಪುಟಕ್ಕೆ ಕಮ್ಮಿ ಇರಲ್ಲ. ಎಲ್ಲರೂ ನಾನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆ ಟಕಟಕ ಅಂತ ಸೈನ್ ಹಾಕಿ ಎದ್ದುಬಿಡುತ್ತಾರೆ. ಇವರು ಜೇಬಿನಿಂದ ಕೆಂಪು ಪೆನ್ನು ತೆಗೆದು ಮೊದಲನೇ ಪುಟದಿಂದ ಓದೋಕೆ ಶುರು ಮಾಡಿದರು. ಎರಡನೇ ಪುಟದಲ್ಲಿ ಒಂದು ಕಾಗುಣಿತದ ತಪ್ಪು ಸಿಕ್ಕಿತು, ಸುತ್ತು ಹಾಕಿದರು. ಮೂರನೇ ಪುಟದಲ್ಲಿ ಸಾಲ ಕೊಡೋ ಸಂಸ್ಥೆಯ ಹೆಸರು ಸಿಕ್ಕಿತು, ಪೆನ್ನು ನಿಂತಿತು.

"ಇವರು ಯಾರಮ್ಮ?"

"ಸಾಲ ಕೊಡೋರು ಇವರೇ ಸರ್. ಮೈಸೂರಲ್ಲಿ ಆಫೀಸಿದೆ."

"ನೀವು ನೋಡಿದೀರಾ?"

ಇಲ್ಲ. ವರ್ಷಗಟ್ಟಲೆ ಅವರಿಗೆ ಫೈಲ್ ಕಳಿಸಿದ್ದೇನೆ, ಫೋನಿನಲ್ಲಿ ಮಾತಾಡಿದ್ದೇನೆ. ಆಫೀಸಿನ ಮೆಟ್ಟಿಲು ಕೂಡ ಹತ್ತಿರಲಿಲ್ಲ. ಪಾಠ ಓದದೆ ಬಂದ ಹುಡುಗಿಯ ಹಾಗೆ ತಲೆ ತಗ್ಗಿಸಿದೆ.

"ಐದು ವರ್ಷದ ಸಂಬಂಧ ಕಣಮ್ಮ. ಮನೆ ನೋಡದೆ ಯಾರಾದ್ರೂ ಹೆಣ್ಣು ಕೊಡ್ತಾರಾ?" ಅಂತ ಹೇಳಿ, ಸೈನ್ ಹಾಕದೆ ಎದ್ದು, ಹೆಂಡತಿಯನ್ನು ಕರಕೊಂಡು ಮೈಸೂರು ಬಸ್ಸು ಹತ್ತಿಯೇಬಿಟ್ಟರು. ಗಿರಾಕಿ ಕೈ ಬಿಟ್ಟುಹೋಯಿತು ಅಂತ ನಮ್ಮ ಮ್ಯಾನೇಜರ್ ನನ್ನನ್ನು ಗುರಾಯಿಸಿ ನೋಡಿದರು.

ಎರಡು ದಿನ ಬಿಟ್ಟು ಇಬ್ಬರೂ ವಾಪಸ್ ಬಂದರು.

"ಹೋಗಿದ್ರಾ ಸರ್?"

"ಹೋಗಿದ್ವಿ. ಬಾಗಿಲಲ್ಲಿ ಕೂತ ಹುಡುಗೀನ, ಸಾಲ ಕೊಡೋರು ಯಾರಮ್ಮ ಅಂತ ಕೇಳಿದೆ. ನಾನು ಪೇಪರ್ ಇಸ್ಕೊಳೋಳು ಅಷ್ಟೇ ಸರ್ ಅಂದಳು. ಒಳಗಿದ್ದವನನ್ನ ಕೇಳಿದೆ. ನಾನು ಚೆಕ್ ಮಾಡೋನು ಅಷ್ಟೇ ಅಂದ. ಹಾಗಾದ್ರೆ ಒಪ್ಪೋರು ಯಾರಪ್ಪ ಅಂದೆ. ಅವರು ಬೇರೆ ಊರಲ್ಲಿದಾರೆ ಸರ್, ನಾವೂ ನೋಡಿಲ್ಲ ಅಂದ."

ಅವರ ಹೆಂಡತಿ ಮಾತು ಸೇರಿಸಿದರು. "ಮನೆಯೇನೋ ಚೆನ್ನಾಗದೆ ಕಣಮ್ಮ. ತಣ್ಣಗದೆ, ಕಾಪೀನೂ ಕೊಟ್ರು. ಆದ್ರೆ ಇರೀಕರು ಅಂತ ಮನೇಲಿ ಒಬ್ರೂ ಇಲ್ಲ."

ಸರಿ, ಸಂಬಂಧ ಮುರಿಯಿತು ಅಂದುಕೊಂಡೆ. ಹೆಡ್ ಮಾಸ್ಟರು ಕೆಂಪು ಪೆನ್ನು ಜೇಬಿಗೆ ಹಾಕಿ ನೀಲಿ ಪೆನ್ನು ತೆಗೆದರು. ನಲವತ್ತು ಪುಟಕ್ಕೂ ಸೈನ್ ಬಿತ್ತು.

"ಹಿರೀಕರಿಲ್ದೇ ಇದ್ರೂ ಒಪ್ಕೊಂಡ್ರಾ ಅಮ್ಮಾ?" ಅಂತ ಅವರನ್ನು ತಮಾಷೆ ಮಾಡಿದೆ.

ಅವರು ಗಾಜಿನಾಚೆ ನಿಂತಿದ್ದ ಬಿಳಿ ಕಾರನ್ನು ಕಣ್ಣಲ್ಲೇ ತೋರಿಸಿದರು.

"ಏನ್ ಮಾಡೋದು, ಗಂಡು ಚೆನ್ನಾಗದಲ್ಲ!"

ಎಷ್ಟಕ್ಕೆ ಹೋದೆ?

ಕೆ.ಆರ್. ಪೇಟೆ ಕಡೆಯ ಒಬ್ಬರು ದನದ ದಲ್ಲಾಳಿ. ನಮ್ಮಲ್ಲಿ ಕಾರು ತಗೊಂಡು ಎರಡು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದವರು. ಒಂದು ದಿನ ಕೈಯಲ್ಲಿ ಇಂಗ್ಲಿಷ್ ಕಾಗದ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಒಳಗೆ ನುಗ್ಗಿದರು.

"ಏನವ್ವಾ ಇದು! ನನ್ನ ಮಾರ್ಬುಟ್ಟವ್ರಂತೆ!"

ಕಾಗದ ಓದಿದೆ. ಸಾಲ ಕೊಟ್ಟಿದ್ದ ಕಂಪನಿಯವರು ಇವರ ಸಾಲವನ್ನು ಇನ್ನೊಂದು ಕಂಪನಿಗೆ ವಹಿಸಿಕೊಟ್ಟಿದ್ದರು. ಮುಂದಿನ ತಿಂಗಳಿಂದ ಕಂತು ಆ ಹೊಸಬರಿಗೆ. ಇಂಥ ಕಾಗದ ಸುಳ್ಳೂ ಇರಬಹುದು ಅಂತ, ಕಾಗದದಲ್ಲಿದ್ದ ನಂಬರು ಬಿಟ್ಟು, ಹಳೇ ಕರಾರಿನಲ್ಲಿದ್ದ ನಂಬರಿಗೇ ಫೋನ್ ಮಾಡಿ ಕೇಳಿದೆ. ನಿಜವೇ.

"ಮಾರಿರೋದು ನಿಮ್ಮನ್ನಲ್ಲ ಅಣ್ಣಾ, ನಿಮ್ಮ ಸಾಲಾನ. ಕಂತು ಅಷ್ಟೇ, ಬಡ್ಡಿ ಅಷ್ಟೇ. ತಗೊಳೋ ಕೈ ಮಾತ್ರ ಬೇರೆ."

"ನಲವತ್ತು ವರ್ಸ ಹೇಮಗಿರಿ ದನಗಳ ಜಾತ್ರೇಲಿ ಯಾಪಾರ ಮಾಡಿವ್ನಿ ಕಣವ್ವಾ. ಮಾರೋ ಎತ್ತಿಗೂ ಒಂದ್ಸಲ ಮೈ ಸವರಿ, ಹೋಗ್ ಬಾ ಮಗಾ ಅಂತೀವಿ. ನನಗೆ ಒಂದ್ ಮಾತು ಏಳಿಲ್ವಲ್ಲ ಬಡ್ಡೆತ್ತಾವು!"

ನಿಜವಾಗಲೂ ನೊಂದಿದ್ದರು. ಕುರ್ಚಿಯಲ್ಲಿ ಕೂತು, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ದನಿ ತಗ್ಗಿಸಿದರು.

"ಓಗ್ಲಿ, ಎಷ್ಟಕ್ ಓದೆ?"

"ಅದು ಅವರವರ ಮಧ್ಯೆ ಅಣ್ಣಾ. ಹೊರಗೆ ಹೇಳಲ್ಲ."

"ಅಂಗಾ! ಟವೆಲ್ ಕೆಳಗೆ ಬೆರಳು ಇಡ್ದು ಮಾಡೋ ಯಾಪಾರ ಅನ್ನು!" ಅಂದರು. ತಮಗೆ ಗೊತ್ತಿರೋ ದಾರಿಯಲ್ಲೇ ವ್ಯಾಪಾರ ನಡೆದಿದೆ ಅಂತ ಅರ್ಧ ಸಮಾಧಾನವಾಯಿತು. ಪೂರ್ತಿ ಸಮಾಧಾನ ಆಗಲಿ ಅಂತ ನಾನೇ ಸೇರಿಸಿದೆ: "ಸರಿಯಾಗಿ ಕಟ್ಟೋರ ಸಾಲಾನೇ ಕೊಂಡುಕೊಳ್ಳೋದು ಅಣ್ಣಾ. ತಪ್ಪಿಸೋರದ್ದನ್ನ ಯಾರು ಮುಟ್ತಾರೆ?"

ಆ ಮಾತು ಹೇಳಬಾರದಿತ್ತು. ಹದಿನೈದು ದಿನ ಬಿಟ್ಟು ಭಾವಮೈದನನ್ನು ಜೊತೆಗೆ ಕರಕೊಂಡು, ಮೀಸೆ ತಿರುವಿಕೊಂಡು ಬಂದರು.

"ಇವ್ನೂ ಕಾರ್ ಸಾಲ ಮಾಡವ್ನೆ ಕಣವ್ವಾ, ಮೂರು ವರ್ಸ ಆಯ್ತು. ಒಬ್ನಾದ್ರೂ ಕೊಂಡ್ಕೊಳ್ಳಾಕೆ ಬಂದ್ನಾ ಕೇಳು!"

ಕಾರ್ಡಿನಲ್ಲಿದ್ದ ಹೆಂಗಸು

ಕ್ಯಾತನಹಳ್ಳಿಯ ಈ ದಂಪತಿಯನ್ನು ನೆನೆಸಿಕೊಂಡರೆ ಈಗಲೂ ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ. ಗಂಡನದು ಕಬ್ಬು. ಹೆಂಡತಿಯದು ಒಂಬತ್ತು ಹಸು, ಡೈರಿ ಹಾಲು. ಗಂಡ ಒಬ್ಬನೇ ಬಂದು ಕಾರು ತಗೊಂಡು, ನಾನು ತೋರಿಸಿದ ಕಡೆಯೆಲ್ಲ ಸೈನ್ ಹಾಕಿ ಹೋಗಿದ್ದ.

ತಿಂಗಳ ಮೇಲೆ ಆರ್‌ಸಿ ಕಾರ್ಡು ಅಂಚೆಯಲ್ಲಿ ಮನೆಗೆ ಬಂತು. ಕಾರ್ಡಿನಲ್ಲಿ ಮಾಲೀಕನ ಹೆಸರಿನ ಹಾಗೆಯೇ, ಸಾಲ ಕೊಟ್ಟವರ ಹೆಸರಿಗೂ ಒಂದು ಸಣ್ಣ ಸಾಲು ಇರುತ್ತದೆ. ಇವರಿಗೆ ಸಾಲ ಕೊಟ್ಟ ಕಂಪನಿಗೆ ಒಂದು ಹೆಣ್ಣಿನ ಹೆಸರಿತ್ತು. ಯಾವುದು ಅಂತ ಹೇಳಲ್ಲ. ನಮ್ಮ ಸೀಮೆಯಲ್ಲಿ ಬೀದಿಗೆ ನಾಲ್ಕು ಜನ ಇರುವಂಥ ಹೆಸರು. ಜಾಗ ಸಾಲದೆ ಮುಂದಿನ 'ಫೈನಾನ್ಸ್' ಅನ್ನೋದು ಕಾರ್ಡಿನ ಮೇಲೆ ಬಿದ್ದೇ ಇರಲಿಲ್ಲ.

ಹೆಂಡತಿ ಪಿಯುಸಿ ಓದಿದವಳು. ಓದಿದಳು. ಮೇಲೆ ಗಂಡನ ಹೆಸರು, ಕೆಳಗೆ ಯಾವಳದೋ ಹೆಸರು.

"ಯಾರು ಇವ್ಳು?" ಅಂತ ಕೇಳಿದಳು.

ಪಾಪ, ಆ ಮನುಷ್ಯ ಸತ್ಯವನ್ನೇ ಹೇಳಿದ: "ನಂಗೊತ್ತಿಲ್ಲ."

ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಎರಡು ದಿನ ಅವನಿಗೆ ಮನೆಯಲ್ಲಿ ಮುದ್ದೆ ಸಿಗಲಿಲ್ಲ. ಮೂರನೇ ದಿನ ಅವಳು ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು, ತನ್ನ ಅಣ್ಣನನ್ನು ಮುಂದೆ ಬಿಟ್ಟುಕೊಂಡು, ಗಂಡನನ್ನು ಹಿಂದೆ ನಡೆಸಿಕೊಂಡು ಶೋರೂಮಿಗೆ ಬಂದಳು. ಗಂಟು ಬಿಚ್ಚಿ ಕಾರ್ಡನ್ನು ನನ್ನ ಮುಂದೆ ಇಟ್ಟಳು.

"ಮೇಡಂ, ಹೆಣ್ಣಿನ ಕಷ್ಟ ಹೆಣ್ಣಿಗೇ ಗೊತ್ತು. ನಿಜ ಹೇಳ್ಬುಡಿ. ಅವತ್ತು ಕಾರ್ ತಗೊಳ್ಳೋವಾಗ ಇವ್ರ ಜೊತೆ ಯಾರು ಬಂದಿದ್ರು?"

ಕನ್ನಡಕ ಹಾಕಿಕೊಂಡು ಕಾರ್ಡು ನೋಡಿದೆ. ನಗು ಬಾಯಿತನಕ ಬಂತು. ಅವಳ ಮುಖ ನೋಡಿದೆ. ಅಳು ತಡೆದುಕೊಂಡು ಕೂತಿದ್ದಳು. ನಗು ವಾಪಸ್ ಹೋಯಿತು.

"ಅಯ್ಯೋ ನಮ್ಮವ್ವಾ, ಇದು ಹೆಂಗಸಲ್ಲ. ಕಂಪನಿ. ನಿಮ್ಮ ಕಾರಿಗೆ ಸಾಲ ಕೊಟ್ಟಿರೋ ಕಂಪನಿ."

"ಕಂಪನಿಗ್ಯಾಕೆ ಹೆಂಗಸಿನ ಹೆಸರು?"

"ಮಾಲೀಕರ ತಾಯಿ ಹೆಸರಂತೆ."

ನಂಬಲಿಲ್ಲ. ಕರಾರುಪತ್ರ ತೆಗೆದು ಪೂರ್ತಿ ಹೆಸರು ತೋರಿಸಿದೆ. ಅದೇ ಕಂಪನಿಯಿಂದ ಸಾಲ ತಗೊಂಡ ಇನ್ನೂ ನಾಲ್ಕು ಜನರ ಫೈಲಿನ ಮೊದಲ ಪುಟ ತೋರಿಸಿದೆ. "ಇಷ್ಟೊಂದು ಜನಾನಾ?" ಅಂದಳು. ಆಮೇಲೇ ನಂಬಿದ್ದು. ಅಣ್ಣ ಮೆಲ್ಲಗೆ ಎದ್ದು, ಕಾರು ನೋಡೋ ನೆಪದಲ್ಲಿ ಆಚೆ ಹೋದ. ಗಂಡನಿಗೆ ಹೋದ ಜೀವ ಬಂತು.

"ನೋಡ್ದಾ? ನಾನು ಹೇಳ್ಲಿಲ್ವಾ?"

"ಏನ್ ಹೇಳ್ದೆ ನೀನು? ಗೊತ್ತಿಲ್ಲ ಅಂದೆ! ಸಾಲ ಕೊಟ್ಟೋರು ಯಾರು ಅಂತ ಗೊತ್ತಿಲ್ದೆ ಐದು ವರ್ಷಕ್ಕೆ ಸೈನ್ ಹಾಕಿ ಬಂದವ್ನಲ್ಲ, ನಿನಗೇನು ಹೇಳೋದು!"

ಆ ಮಾತಿಗೆ ಗಂಡನ ಜೊತೆ ನಾನೂ ಸ್ವಲ್ಪ ತಲೆ ತಗ್ಗಿಸಿದೆ. ಅವಳು ಕಾರ್ಡು ಎತ್ತಿಕೊಂಡಳು.

"ಇವ್ಳು ಇನ್ನೆಷ್ಟು ದಿನ ಇರ್ತಾಳೆ?"

"ಸಾಲ ತೀರೋವರ್ಗೂ ಇರ್ತದೆ ಅವ್ವಾ. ತೀರಿದ ಮೇಲೆ ಬಾಕಿ ಇಲ್ಲ ಅಂತ ಅವರು ಕಾಗದ ಕೊಡ್ತಾರೆ. ಅದನ್ನ ಆರ್‌ಟಿಒ ಆಫೀಸಿಗೆ ಕೊಟ್ರೆ ಹೆಸರು ತೆಗೆದು ಹೊಸ ಕಾರ್ಡು ಕೊಡ್ತಾರೆ."

"ಅಲ್ಲೀಗಂಟ ನನ್ ಕಾರಲ್ಲಿ ಇವ್ಳು ಕೂತಿರ್ತಾಳಾ?"

ಕಂಪನಿ ಅಂತ ಗೊತ್ತಾದ ಮೇಲೂ ಅವಳ ಬಾಯಲ್ಲಿ ಅದು 'ಇವ್ಳು' ಆಗಿಯೇ ಉಳಿಯಿತು. ಮುಂಚೆಯೇ ತೀರಿಸಬಹುದು, ಸ್ವಲ್ಪ ದಂಡ ಹಾಕುತ್ತಾರೆ ಅಂತ ಹೇಳಿದೆ. ಕಾರ್ಡನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ಎರಡು ವರ್ಷವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಅದೇ ಕಾರಿನಲ್ಲಿ ಬಂದಿಳಿದರು. ಅವಳ ಕೈಯಲ್ಲಿ ಸ್ಟೀಲ್ ಡಬ್ಬಿ. ಹಾಲಿನ ದುಡ್ಡು, ಚೀಟಿ ದುಡ್ಡು ಎಲ್ಲ ಸೇರಿಸಿ ಮೂರು ವರ್ಷ ಮುಂಚೆಯೇ ಸಾಲ ತೀರಿಸಿ, ಆರ್‌ಟಿಒ ಆಫೀಸಿಗೆ ತಾನೇ ಅಲೆದು ಹೊಸ ಕಾರ್ಡು ಮಾಡಿಸಿದ್ದಳು. ತಂದು ನನ್ನ ಕಣ್ಣಿನ ಮುಂದೆ ಹಿಡಿದಳು. ಆ ಸಾಲು ಖಾಲಿ.

"ನೋಡಿ ಮೇಡಂ. ಹೋದ್ಲು!"

ಹಸು ಈದಿತ್ತಂತೆ. ಡಬ್ಬಿ ತುಂಬ ಗಿಣ್ಣು. ನನಗೆ ದೊಡ್ಡ ತುಂಡು ಕೊಟ್ಟು, ಶೋರೂಮಿನವರಿಗೆಲ್ಲ ಹಂಚೋಕೆ ಹೋದಳು. ಅವಳು ಅತ್ತ ತಿರುಗಿದ್ದೇ ತಡ, ಗಂಡ ಕುರ್ಚಿ ಎಳಕೊಂಡು ನನ್ನ ಮೇಜಿನ ಮೇಲೆ ಬಗ್ಗಿದ. ಪಿಸುಗುಟ್ಟಿದ:

"ಮೇಡಂ, ಮನೇಲಿ ಟ್ರಾಕ್ಟರ್ ಸಾಲ ಒಂದದೆ, ಏಳು ವರ್ಸದ್ದು. ಅದನ್ನೂ ಎಂಗಾದ್ರೂ ಮಾಡಿ ಆ ಹೆಂಗಸಿನ ಎಸ್ರಿಗೇ ಮಾಡಿಸ್ಕೊಡಿ, ನಿಮ್ ಕಾಲಿಗ್ ಬೀಳ್ತೀನಿ!"